ಬಾಗಿಲ ಹೊರಗಿನ ನೀಲಿ ಡಬ್ಬಿ

ನಾರಾಯಣಗೂಡ

ಹೈದರಾಬಾದಿನ ನಮ್ಮ ಮನೆಯ ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಒಂದು ಹಲಗೆ ಇದೆ. ಇಪ್ಪತ್ತು ವರ್ಷಗಳಿಂದ ನನ್ನ ಚೀಲದ ಜಾಗ ಅದೇ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ನಾನು ಕೆಲಸಕ್ಕೆ ಸೇರಿದ ದಿನವೇ ಅವ್ವ ಈ ಕಾನೂನು ಮಾಡಿದಳು. "ಉಣ್ಣೋ ಮನ್ಯಾಗ ಮಂದಿ ರಕ್ತದ ಚೀಲ ಬ್ಯಾಡವ್ವ ಸುಮ್ಮಿ, ಹೊರಗಿಡು" ಎಂದಳು. ಆಮೇಲೆ ನಾನು ಅಮೀರ್‌ಪೇಟೆಯ ಕೋಚಿಂಗ್ ಕ್ಲಾಸಿನಲ್ಲಿ, ಮೂವರ ಬೆಂಚಿನ ಮೇಲೆ ಐವರು ಒತ್ತಿಕೊಂಡು ಕೂತು, ಡೇಟಾಬೇಸ್ ಕಲಿತೆ. ಟೆಸ್ಟ್‌ಟ್ಯೂಬ್ ಬಿಟ್ಟು ಕಂಪ್ಯೂಟರ್ ಹಿಡಿದೆ. ಚೀಲದೊಳಕ್ಕೆ ಲ್ಯಾಪ್‌ಟಾಪ್ ಬಂತು, ಹಲಗೆ ಮಾತ್ರ ಬದಲಾಗಲಿಲ್ಲ.

"ಅವ್ವಾ, ಇದರಾಗ ರಕ್ತ ಎಲ್ಲೈತಿ?" ಎಂದು ಜಗಳ ತೆಗೆದೆ.

"ಅದರಾಗೂ ಮಂದಿ ರಕ್ತದ ಸುದ್ದಿನ ಅಲ್ಲೇನು ಇರೋದು?"

ಲ್ಯಾಪ್‌ಟಾಪ್ ಕಳುವಾದೀತು ಎಂದು ನಾನು ಹೆದರಿಸಿದಾಗ, ಹೊರಗೆ ಬೀಗ ಹಾಕುವಂಥ ಕಬ್ಬಿಣದ ಜಾಲರಿ ಬಾಗಿಲು ಕೂಡಿಸಿದಳೇ ಹೊರತು ಚೀಲವನ್ನು ಒಳಗೆ ಬಿಡಲಿಲ್ಲ. ಲಿಂಗಸುಗೂರಿನ ಹೆಣ್ಣುಮಗಳು, ಹೈದರಾಬಾದಿಗೆ ಬಂದು ಐವತ್ತು ವರ್ಷವಾದರೂ ಹಟಕ್ಕೆ ಬಿದ್ದರೆ ಬಿದ್ದಳೇ.

ನನ್ನ ಕೆಲಸ ಇಷ್ಟು. ಆಸ್ಪತ್ರೆಯ ಲ್ಯಾಬಿನಿಂದ ದಿನವೂ ರಾಶಿ ರಾಶಿ ಫಲಿತಾಂಶ ಹೊರಬೀಳುತ್ತದೆ. ಅದರಲ್ಲಿ ಯಾವುದು ಜೀವಕ್ಕೆ ಅಪಾಯ, ಯಾವುದನ್ನು ನಂಬಲೇಬಾರದು ಎಂದು ಸೋಸಿ ಹೇಳುವ ಒಂದು ಪ್ರೋಗ್ರಾಮ್ ಬರೆದಿದ್ದೇವೆ. ನಾವು ಎಂದರೆ ಹೈದರಾಬಾದಿನ ಒಂದು ಸಣ್ಣ ಕಂಪನಿಯ ಒಂಬತ್ತು ಜನ. ಅದರಲ್ಲಿ ಪೊಟ್ಯಾಶಿಯಂ ನಿಯಮ ನನ್ನ ಕೈಯದು. ಪೊಟ್ಯಾಶಿಯಂ ರಕ್ತದಲ್ಲಿರುವ ಒಂದು ಲವಣ. ಮಿತಿ ಮೀರಿದರೆ ಹೃದಯ ನಿಂತೇ ಹೋಗಬಹುದು. ಆ ನಿಯಮದ ಮೇಲೆ ನನಗೆ ಹೆತ್ತ ಮಗುವಿನಷ್ಟು ಜಂಬ.

ಫಿನ್ಲೆಂಡಿನ ಉತ್ತರದ ತುದಿಯ ಒಂದು ಆಸ್ಪತ್ರೆ ಆ ಚಳಿಗಾಲದಲ್ಲಿ ನಮ್ಮ ಪ್ರೋಗ್ರಾಮನ್ನು ಪರೀಕ್ಷೆಗೆ ಹಾಕಿಕೊಂಡಿತ್ತು. ನಮ್ಮ ಮೊದಲ ಪರದೇಶ ಅದು. ಫೆಬ್ರವರಿಯಲ್ಲಿ ಪತ್ರ ಬಂತು: ಪೊಟ್ಯಾಶಿಯಂ ವಿಷಯದಲ್ಲಿ ನಿಮ್ಮ ಪ್ರೋಗ್ರಾಮ್ ಸುಳ್ಳುಸುಳ್ಳೇ ಕೂಗುತ್ತಿದೆ, ಒಬ್ಬರು ಬಂದು ನೋಡಿ, ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ತೆಗೆದುಹಾಕುತ್ತೇವೆ. ಬರೆದವಳೇ ಹೋಗಲಿ ಎಂದರು ನಮ್ಮ ಮ್ಯಾನೇಜರ್ ಶ್ರೀಧರ್. ಅವ್ವ ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದಳು. ನಾನು ಹೊರಗಿನ ಹಲಗೆಯಿಂದ ಚೀಲ ಎತ್ತಿಕೊಂಡು ಹೊರಟೆ.

ಸೋಮವಾರ, ಬಸ್ ನಿಲ್ದಾಣ

ವಿಮಾನ ನಿಲ್ದಾಣದಿಂದ ಹೊರಬಂದು ಎರಡನೆಯ ಹೆಜ್ಜೆಗೇ ಹಿಮದ ಮೇಲೆ ಅಂಗಾತ ಬಿದ್ದೆ. ಒಬ್ಬ ಮನುಷ್ಯ ಬಂದು, ರಟ್ಟೆ ಹಿಡಿದು ಎಬ್ಬಿಸಿ, ನನ್ನ ಟೊಪ್ಪಿಗೆ ಕೊಡವಿ ತಲೆಗಿಟ್ಟು, ಒಂದೂ ಮಾತಾಡದೆ ಹೊರಟುಹೋದ. ನಮ್ಮಲ್ಲಿ ಬಿದ್ದಿದ್ದರೆ ಹತ್ತು ಜನ ಸೇರುತ್ತಿದ್ದರು. ಒಬ್ಬ ನೀರು ಕೊಡುತ್ತಿದ್ದ, ಒಬ್ಬ ಮುನಿಸಿಪಾಲಿಟಿಯನ್ನು ಬೈಯುತ್ತಿದ್ದ, ಒಬ್ಬಾಕೆ ನೋಡಿ ನಡೆಯಬಾರದಾ ಎಂದು ನನಗೇ ಗದರಿಸಿ ಮನೆಯತನಕ ಬಿಟ್ಟುಬರುತ್ತಿದ್ದಳು. ಇಲ್ಲಿ ಸಹಾಯ ಪೂರ್ತಿ ಸಿಕ್ಕಿತು, ಸುದ್ದಿ ಮಾತ್ರ ಆಗಲಿಲ್ಲ. ನನಗೆ ಯಾಕೋ ಸ್ವಲ್ಪ ಬೇಜಾರೇ ಆಯಿತು.

ಬಸ್ ನಿಲ್ದಾಣದಲ್ಲಿ ಇನ್ನೊಂದು ಫಜೀತಿ. ಅಲ್ಲಿಯ ಜನ ಒಬ್ಬರಿಗೊಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ. ಅಮೀರ್‌ಪೇಟೆಯ ರೂಢಿಯಂತೆ ನಾನು ಒಬ್ಬ ಹೆಂಗಸಿನ ಭುಜಕ್ಕೆ ಭುಜ ತಾಗಿಸಿ ನಿಂತೆ. ಆಕೆ ಒಂದು ಹೆಜ್ಜೆ ಸರಿದಳು. ಸಾಲು ಮುಂದೆ ಹೋಗುತ್ತಿದೆ ಎಂದುಕೊಂಡು ನಾನೂ ಸರಿದೆ. ಆಕೆ ಮತ್ತೆ ಸರಿದಳು, ನಾನೂ ಸರಿದೆ. ಹೀಗೆ ಸರಿದು ಸರಿದು ಇಬ್ಬರೂ ಸೂರಿನಿಂದಾಚೆ ಬೀಳುವ ಹಿಮದಲ್ಲಿ ನಿಂತಿದ್ದೆವು. ಆಗ ಆಕೆ ನಕ್ಕಳು, ನಾನೂ ನಕ್ಕೆ.

ಮಂಗಳವಾರ, ಆಸ್ಪತ್ರೆಯ ಲ್ಯಾಬು

ಲ್ಯಾಬಿನ ಮುಖ್ಯಸ್ಥೆಯ ಹೆಸರು ಹೆಲೆನಾ. ಅರವತ್ತರ ಹತ್ತಿರದ ಹೆಂಗಸು, ಮೊಟಕು ಬಿಳಿ ಕೂದಲು. ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮೊದಲು ಒಂದು ಉದ್ದದ ಮೌನ ಇಡುತ್ತಾರೆ. ಮೊದಲ ದಿನ ನನ್ನ ಇಂಗ್ಲಿಷ್ ತಿಳಿಯಲಿಲ್ಲವೇನೋ ಎಂದು ನಾನು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದೆ. ಆಮೇಲೆ ತಿಳಿಯಿತು, ಅವರು ಯೋಚಿಸುತ್ತಿದ್ದರು. ಯೋಚಿಸಿ ಮಾತಾಡುವವರ ಎದುರು ಕೂತು ಅಭ್ಯಾಸವಿಲ್ಲ ನಮಗೆ.

ಹೆಲೆನಾ ಒಂದು ಪಟ್ಟಿ ಮುಂದಿಟ್ಟರು. ಎಲ್ಲ ಸುಳ್ಳು ಕೂಗೂ ಒಂದೇ ಆರೋಗ್ಯ ಕೇಂದ್ರದ ರಕ್ತದ್ದು. ಒಂದು ಗಂಟೆ ದಾರಿಯ ಹಳ್ಳಿ ಅದು. ಅಲ್ಲಿಯ ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ಎರಡು ಸಲ ಹಿಮದ ರಸ್ತೆಯಲ್ಲಿ ಅಂಬುಲೆನ್ಸ್‌ ಕಳಿಸಿ ಕರೆಸಿದ್ದರು. ಎರಡೂ ಸಲ ಇಲ್ಲಿ ಹೊಸದಾಗಿ ರಕ್ತ ತೆಗೆದು ನೋಡಿದರೆ ಪೊಟ್ಯಾಶಿಯಂ ಸರಿಯಾಗಿತ್ತು.

"ಎರಡನೆಯ ಸಲ ಆಕೆ ನನ್ನ ಕೈ ಹಿಡಿದುಕೊಂಡರು. ನಾನು ಸಾಯುತ್ತೇನೋ ಇಲ್ಲವೋ, ಒಂದು ನಿರ್ಧಾರ ಮಾಡಿ ಎಂದರು" ಎಂದರು ಹೆಲೆನಾ. "ಮೂರನೆಯ ಸಲ ನಾನು ಆಕೆಯನ್ನು ಕರೆಸಲಾರೆ. ಯಂತ್ರ ಸರಿ ಇದೆ. ರಕ್ತಕಣ ಒಡೆದಿದ್ದರೆ ನಳಿಕೆಯಲ್ಲಿ ಮೇಲೆ ನಿಲ್ಲುವ ತಿಳಿನೀರು ಕೆಂಪಾಗುತ್ತಿತ್ತು, ಆಗಿಲ್ಲ. ಯಾವುದನ್ನು ನಂಬಬಾರದು ಎಂದು ಹೇಳುವುದೇ ನಿಮ್ಮ ಪ್ರೋಗ್ರಾಮಿನ ಕೆಲಸ. ಅದು ಪ್ರತಿ ಸಲವೂ ನಂಬಿ ಎಂದಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆಲ್ಲಗೆ ಹೇಳಿದ್ದರಿಂದ ನನ್ನ ಮುಖ ಸಣ್ಣದಾಯಿತು. ನಾನು ಬರೆದ ನಿಯಮ ನಂಬಿ, ಒಂದು ಮುದಿ ಜೀವವನ್ನು ಆ ಚಳಿಯಲ್ಲಿ ಎರಡು ಸಲ ಹೊತ್ತುಕೊಂಡು ತಿರುಗಿಸಿದ್ದರು.

ಬುಧವಾರ, ಕಿಟಕಿಯ ಪಕ್ಕದ ಮೇಜು

ಬೆಳಿಗ್ಗೆ ಶ್ರೀಧರ್ ಫೋನ್ ಮಾಡಿದರು. "ಮೇಡಮ್, ಲೈಟ್ ತೀಸ್ಕೋಂಡಿ. ಆ ಒಕ್ಕ ಸೆಂಟರ್‌ಕಿ ಲಿಮಿಟ್ ಪೆಂಚೇಯಂಡಿ" ಎಂದರು. ತಲೆ ಕೆಡಿಸಿಕೊಳ್ಳಬೇಡಿ, ಆ ಒಂದು ಕೇಂದ್ರಕ್ಕೆ ಮಾತ್ರ ಮಿತಿ ಏರಿಸಿಬಿಡಿ ಎಂದು. ಏರಿಸಿದರೆ ಕೂಗು ನಿಲ್ಲುತ್ತದೆ, ಶುಕ್ರವಾರ ದಾಟುತ್ತದೆ, ಒಂಬತ್ತು ಜನರ ಎರಡು ವರ್ಷದ ದುಡಿಮೆ ಉಳಿಯುತ್ತದೆ. ಶ್ರೀಧರ್ ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ.

"ಕುದರದು ಶ್ರೀಧರ್ ಗಾರೂ" ಎಂದೆ. ಆಗದು. ನಾಳೆ ಅದೇ ಹಳ್ಳಿಯಲ್ಲಿ ನಿಜವಾಗಿ ಒಬ್ಬರ ಪೊಟ್ಯಾಶಿಯಂ ಏರಿದರೆ ನಮ್ಮ ಪ್ರೋಗ್ರಾಮ್ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತದೆ. ಅಂಥದ್ದರ ಮೇಲೆ ಹೈದರಾಬಾದಿನ ಹೆಸರು ಬೇಡ ಎಂದು ಜೋರಾಗಿಯೇ ಹೇಳಿಬಿಟ್ಟೆ. ಆಚೆ ಮೇಜಿನವರೆಲ್ಲ ತಿರುಗಿ ನೋಡಿದರು. ಆ ಲ್ಯಾಬಿನಲ್ಲಿ ಅಷ್ಟು ದೊಡ್ಡ ದನಿ ಅದೇ ಮೊದಲಿರಬೇಕು.

ಮಧ್ಯಾಹ್ನದ ತನಕ ಆ ಕೇಂದ್ರದ ಒಂದೊಂದೇ ಫಲಿತಾಂಶ ನೋಡಿದೆ. ಒಂದು ಸಂಗತಿ ಕಣ್ಣಿಗೆ ಚುಚ್ಚಿತು. ಪೊಟ್ಯಾಶಿಯಂ ಏರಿದೆ, ಆದರೆ ಸಕ್ಕರೆ ಇಳಿದಿಲ್ಲ. ನಮ್ಮಲ್ಲಿ ಹಾಗಾಗುವುದಿಲ್ಲ. ನಮ್ಮ ಸೆಖೆಯಲ್ಲಿ ರಕ್ತವನ್ನು ಹಾಗೇ ತುಂಬ ಹೊತ್ತು ಬಿಟ್ಟರೆ ಅದರ ಕಣಗಳು ಸಕ್ಕರೆಯನ್ನು ತಿಂದು ಮುಗಿಸುತ್ತವೆ, ಪೊಟ್ಯಾಶಿಯಂ ಹೊರಗೆ ಸೋರುತ್ತದೆ. ಸಕ್ಕರೆ ಇಳಿದಿದ್ದರೆ ರಕ್ತ ಹಳಸಿದೆ, ನಂಬಬೇಡಿ. ಇಳಿದಿಲ್ಲವಾದರೆ ತಾಜಾ ಇದೆ, ನಂಬಿ. ನನ್ನ ನಿಯಮ ನಿಂತದ್ದೇ ಇದರ ಮೇಲೆ.

ತಟ್ಟನೆ ಖಾನ್ ಸಾಹೇಬರು ನೆನಪಾದರು. ನನ್ನ ಮೊದಲ ಲ್ಯಾಬಿನ ಡಾಕ್ಟರು ಅವರು. ಒಂದು ಮೇ ತಿಂಗಳು ಜೀಡಿಮೆಟ್ಲಾದ ಒಂದು ಕಾರ್ಖಾನೆಯಲ್ಲಿ ಕೆಲಸಗಾರರಿಗೆಲ್ಲ ಆರೋಗ್ಯ ತಪಾಸಣೆ ಇತ್ತು. ಬಿಸಿಲಿಗೆ ರಕ್ತ ಕೆಟ್ಟೀತು ಎಂದು ನಾನು ಭಾರಿ ಜಾಣತನ ಮಾಡಿ ಎಲ್ಲ ನಳಿಕೆಗಳನ್ನೂ ಮಂಜುಗಡ್ಡೆ ತುಂಬಿದ ಬರ್ಫದ ಡಬ್ಬಿಯಲ್ಲಿ ಹೂತಿಟ್ಟೆ. ಸಂಜೆ ನೋಡಿದರೆ ಇಡೀ ಕಾರ್ಖಾನೆಯ ಪೊಟ್ಯಾಶಿಯಂ ಏರಿತ್ತು. ಖಾನ್ ಸಾಹೇಬರು ಕನ್ನಡಕ ತೆಗೆದು, "ಖೂನ್ ಕೋ ಬರಫ್ ಮೇ ರಖ್ ದಿಯೇ ಕ್ಯಾ ಅಮ್ಮಾ? ಆಮ್ ಹೈ ಕ್ಯಾ ವೋ?" ಎಂದರು. ರಕ್ತವನ್ನು ಬರ್ಫದಲ್ಲಿಟ್ಟೆಯಾ ತಾಯಿ, ಅದೇನು ಮಾವಿನಹಣ್ಣೇ? ಆಮೇಲೆ ಕೂರಿಸಿಕೊಂಡು ಕಲಿಸಿದರು: ತಣ್ಣಗಾದರೆ ಕಣಗಳಿಗೆ ಜಡ ಹಿಡಿಯುತ್ತದೆ, ಸಕ್ಕರೆ ತಿನ್ನುವುದಿಲ್ಲ, ಆದರೆ ಪೊಟ್ಯಾಶಿಯಮ್ಮನ್ನು ಹಿಡಿದಿಟ್ಟುಕೊಳ್ಳಲಾರವು. ಮರುದಿನ ಅಷ್ಟೂ ಜನರ ರಕ್ತ ಮತ್ತೆ ತೆಗೆದೆ.

ಅಷ್ಟು ಪಾಠ ಕಲಿತವಳು ನಿಯಮ ಬರೆಯುವಾಗ ಚಳಿಯನ್ನು ಮರೆತಿದ್ದೆ. ಹೈದರಾಬಾದಿನಲ್ಲಿ ಕೂತು ಬರೆಯುವವಳಿಗೆ ಚಳಿ ಯಾಕೆ ನೆನಪಾದೀತು? ಓಡಿಹೋಗಿ ಹೆಲೆನಾ ಅವರಿಗೆ, ಆ ಹಳ್ಳಿಯ ರಕ್ತ ಎಲ್ಲೋ ತಣ್ಣಗಾಗುತ್ತಿದೆ ಎಂದೆ. ಅವರು ರಕ್ತ ತರುವ ವ್ಯಾನಿನ ದಾಖಲೆ ತೆರೆದು ನೋಡಿದರು. ಆಮೇಲೆ, "ಸಾಧ್ಯವಿಲ್ಲ. ವ್ಯಾನಿನೊಳಗೆ ಬೆಚ್ಚಗಿರುತ್ತದೆ, ಅಲ್ಲಿಯ ತಾಪಮಾನ ದಾಖಲಾಗುತ್ತದೆ. ರಕ್ತದ ಡಬ್ಬಿ ನಮ್ಮ ಕೈಗೆ ಬರುವಾಗಲೂ ಬೆಚ್ಚಗಿರುತ್ತದೆ" ಎಂದರು.

"ಹಾಗಾದರೆ ನಾಳೆ ಆ ವ್ಯಾನಿನಲ್ಲಿ ನನ್ನನ್ನೂ ಕಳಿಸಿ" ಎಂದೆ.

ಗುರುವಾರ, ಹಳ್ಳಿಯ ದಾರಿ

ವ್ಯಾನಿನ ಡ್ರೈವರ್ ಪೆಕ್ಕಾ. ಒಂದು ಗಂಟೆಯಲ್ಲಿ ಅವನು ಆಡಿದ ಮಾತು ಎರಡು: "ಹಿಮಸಾರಂಗ" ಮತ್ತು "ಇನ್ನೊಂದು". ನನಗೆ ಬಾಯಿ ಕಟ್ಟಿದಂತಾಗಿ ಅವ್ವನ ರೊಟ್ಟಿ ಬಿಚ್ಚಿದೆ. ಪ್ರಯಾಣಕ್ಕೆ ಚೂರುಚೂರಾಗಿತ್ತು. ಪೆಕ್ಕಾ ಒಂದು ಚೂರು ಕಡಿದು, ಗಾಡಿ ನಿಲ್ಲಿಸಿ, ತನ್ನ ತಿಂಡಿಡಬ್ಬಿಯಿಂದ ಒಂದು ಕಪ್ಪು ಹಪ್ಪಳದಂಥದ್ದನ್ನು ತೆಗೆದು ನನ್ನ ಕೈಗಿಟ್ಟ. ರೈ ಎಂಬ ಧಾನ್ಯದ ಒಣರೊಟ್ಟಿ, ತಿಂಗಳುಗಟ್ಟಲೆ ಕೆಡದು, ಕಡಿದರೆ ಹಲ್ಲಿಗೆ ಕೆಲಸ. ನಮ್ಮ ಖಡಕ್ ರೊಟ್ಟಿಯ ಖಾಸಾ ತಂಗಿ. ಚಟ್ನಿಪುಡಿ ಹಚ್ಚಿ ತಿಂದ ಮೇಲೆ ಅವನ ಮೂಗು ಕೆಂಪಾಯಿತು, ಆದರೂ ಕೈ ಮತ್ತೆ ಚಾಚಿದ.

ಆರೋಗ್ಯ ಕೇಂದ್ರ ಒಂದು ಹಳೆಯ ಮರದ ಮನೆ. ಬಾಗಿಲಲ್ಲಿ ಎಲ್ಲರೂ ಬೂಟು ಕಳಚಬೇಕು. ನಮ್ಮದೇ ಪದ್ಧತಿ ಎಂದು ಉಬ್ಬಿ ಕಳಚಿದೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅಲ್ಲಿಯ ನರ್ಸ್ ಐನೋ ಐವತ್ತು ದಾಟಿದ ದುಂಡುಮುಖದ ಹೆಂಗಸು. ನೋಡಿಯೂ ನೋಡದಂತೆ ಒಂದು ಜೊತೆ ಉಣ್ಣೆಯ ಕಾಲುಚೀಲ ತಂದಿಟ್ಟರು. ಒಳಗೆ ಬೆಚ್ಚಗಿತ್ತು. ಕಾಫಿ ಬಂತು, ಜೊತೆಗೆ ಸಿಹಿ ಬನ್ನು. ಮುರಿದರೆ ಘಮ್ಮೆಂದು ಏಲಕ್ಕಿ! ಭೂಮಿಯ ಆ ತುದಿಯಲ್ಲಿ ಹೋಳಿಗೆಯ ವಾಸನೆ ಬಂದು ನನ್ನ ಕಣ್ಣು ತುಂಬಿತು. ಆಮೇಲೆ ಬಂದ ಕೆಲಸ ನೆನಪಾಯಿತು.

"ರಕ್ತ ಎಲ್ಲಿ?" ಎಂದು ಕೇಳಿದೆ.

ಐನೋ ಇನ್ನೊಂದು ಬಾಗಿಲು ತೆರೆದರು. ಆಚೆ ಗಾಜಿನ ಜಗಲಿ. ಬೆಂಕಿಯಿಲ್ಲ, ಬಿಸಿಕೊಳವೆಯಿಲ್ಲ, ಸೌದೆ, ಹಿಮದ ಸನಿಕೆ, ಆಲೂಗಡ್ಡೆಯ ಮೂಟೆ. ಅವುಗಳ ನಡುವೆ ಒಂದು ಬೆಂಚಿನ ಮೇಲೆ ನೀಲಿ ಡಬ್ಬಿ. ಬೆಳಿಗ್ಗೆ ಏಳೂವರೆಗೆ ತೆಗೆದ ರಕ್ತ, ವ್ಯಾನ್ ಬರುವ ಹನ್ನೊಂದೂವರೆಯವರೆಗೆ ಅಲ್ಲೇ ಇರುತ್ತಿತ್ತು. ಗೋಡೆಯ ಥರ್ಮಾಮೀಟರ್ ಮೂರು ಡಿಗ್ರಿ ತೋರಿಸುತ್ತಿತ್ತು. ಹೆಪ್ಪುಗಟ್ಟಿ ಕಣ ಒಡೆಯುವಷ್ಟು ಚಳಿಯಲ್ಲ, ಪೊಟ್ಯಾಶಿಯಂ ಸೋರುವುದಕ್ಕೆ ಧಾರಾಳ ಸಾಕು. ಆಮೇಲೆ ವ್ಯಾನಿನ ಬೆಚ್ಚನೆಯಲ್ಲಿ ಒಂದು ಗಂಟೆ ಕೂತು, ಏನೂ ಆಗದವರಂತೆ ಲ್ಯಾಬಿಗೆ ಹೋಗುತ್ತಿತ್ತು.

"ಮೊದಲು ಇಲ್ಲೊಂದು ಪುಟ್ಟ ಲ್ಯಾಬ್ ಕೋಣೆ ಇತ್ತು, ಅಲ್ಲೇ ಇಡುತ್ತಿದ್ದೆ. ಈ ಚಳಿಗಾಲಕ್ಕೆ ಮೊದಲು ಅದನ್ನು ಮುಚ್ಚಿದರು" ಎಂದರು ಐನೋ. "ಈಗ ಬೆಚ್ಚಗಿರುವುದು ಕಾಫಿ ಕೋಣೆ ಒಂದೇ. ಜನ ತಿನ್ನುವ ಜಾಗದಲ್ಲಿ ಇನ್ನೊಬ್ಬರ ರಕ್ತ ಇಡುವುದು ಹೇಗೆ? ಚೆನ್ನಾಗಿರುವುದಿಲ್ಲ."

ಅಯ್ಯೋ ಶಿವನೇ! ಮಾತು ಅವ್ವನದು, ಭಾಷೆ ಮಾತ್ರ ಬೇರೆ. ತಡೆಯಲಾಗದೆ ನಕ್ಕುಬಿಟ್ಟೆ. ನಗು ನೋಡಿ ಐನೋ ಮುಖ ಬಿಳಿಚಿತು. ಚಳಿಗೆ ರಕ್ತ ಕೆಟ್ಟದ್ದನ್ನು ತಿಳಿಸಿದ ಮೇಲಂತೂ ಬೆಂಚಿನ ಮೇಲೆ ಕೂತುಬಿಟ್ಟರು. ಆ ಅಜ್ಜಿ ಅವರ ಪಕ್ಕದ ಮನೆಯವರಂತೆ. "ಎರಡು ಸಲ ನಾನೇ ಆಕೆಯನ್ನು ಅಂಬುಲೆನ್ಸ್ ಹತ್ತಿಸಿದೆ. ನನ್ನಿಂದಲೇ ಆಯಿತೇ?" ಎಂದರು.

ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಾರಾಯಣಗೂಡದ ಹಲಗೆ, ಅವ್ವನ ಕಾನೂನು, ಜಾಲರಿ ಬಾಗಿಲು, ಜೀಡಿಮೆಟ್ಲಾದ ಬರ್ಫದ ಡಬ್ಬಿ. "ನಿಮ್ಮದು ಅರ್ಧ, ನನ್ನದು ಅರ್ಧ" ಎಂದೆ. "ನಾನು ಬರೆದ ನಿಯಮಕ್ಕೆ ಚಳಿ ಎಂದರೆ ಏನೆಂದೇ ಗೊತ್ತಿರಲಿಲ್ಲ." ಆಮೇಲೆ ತೋಳು ಮೇಲೇರಿಸಿ ಕೈ ಚಾಚಿದೆ. "ನನ್ನ ರಕ್ತ ಎರಡು ನಳಿಕೆ ತೆಗೆಯಿರಿ. ಒಂದು ಜಗಲಿಯಲ್ಲಿರಲಿ, ಒಂದು ಕಾಫಿ ಕೋಣೆಯಲ್ಲಿ."

ಐನೋ ಎಷ್ಟು ಹಗುರಾಗಿ ಸೂಜಿ ಹಾಕಿದರೆಂದರೆ, ನಾನೂ ಅದೇ ಕಸುಬಿನವಳು, ಹೊಟ್ಟೆಕಿಚ್ಚಾಯಿತು. ಪೆಕ್ಕಾ ಉಳಿದ ಊರುಗಳನ್ನು ಮುಗಿಸಿ ನಾಲ್ಕು ಗಂಟೆ ಬಿಟ್ಟು ಬಂದು, ಎರಡೂ ನಳಿಕೆಗಳನ್ನೂ ನನ್ನನ್ನೂ ಕರೆದುಕೊಂಡು ಹೋದ.

ಶುಕ್ರವಾರ, ಮೌನದ ಸಭೆ

ಹೆಲೆನಾ ಎರಡು ಫಲಿತಾಂಶಗಳನ್ನು ಪರದೆಯ ಮೇಲೆ ಹಾಕಿದರು. ಕಾಫಿ ಕೋಣೆಯ ನಳಿಕೆಯಲ್ಲಿ ನನ್ನ ಪೊಟ್ಯಾಶಿಯಂ ಸರಿ, ಸಕ್ಕರೆ ಮಾತ್ರ ಇಳಿದಿತ್ತು. ಜಗಲಿಯ ನಳಿಕೆಯ ಪ್ರಕಾರ ನನ್ನನ್ನು ಕೂಡಲೇ ಅಂಬುಲೆನ್ಸಿನಲ್ಲಿ ಕರೆತರಬೇಕಿತ್ತು. ನನ್ನ ಹಳೆಯ ನಿಯಮ ಅದನ್ನು "ನಂಬಿ" ಎಂದು ಕೂಗಿತ್ತು. ನನ್ನ ತಪ್ಪನ್ನು ನಾನೇ ನಿಂತು ಹೇಳಿದೆ: ಇದನ್ನು ಸೆಖೆಯ ಊರಿನವರು ಬರೆದರು, ಸೆಖೆಯಲ್ಲಿ ರಕ್ತ ಹೇಗೆ ಕೆಡುತ್ತದೆ ಎನ್ನುವುದನ್ನಷ್ಟೇ ಅದಕ್ಕೆ ಕಲಿಸಿದರು. ಆಮೇಲೆ ಹಿಂದಿನ ಸಂಜೆ ತಿದ್ದಿದ ಹೊಸ ನಿಯಮವನ್ನು ಆ ಚಳಿಗಾಲದ ಅಷ್ಟೂ ಫಲಿತಾಂಶಗಳ ಮೇಲೆ ಓಡಿಸಿ ತೋರಿಸಿದೆ. ಹೊಸದು ಸಕ್ಕರೆಯನ್ನಷ್ಟೇ ಅಲ್ಲ, ರಕ್ತ ಎಲ್ಲಿ ಎಷ್ಟು ಹೊತ್ತು ಇತ್ತು, ಪೊಟ್ಯಾಶಿಯಂ ಹೊರಹಾಕುವ ಮೂತ್ರಪಿಂಡ ಹೇಗಿದೆ ಎಂದೂ ಕೇಳುತ್ತದೆ.

ಅಜ್ಜಿಯ ಎರಡೂ ಫಲಿತಾಂಶಗಳ ಮುಂದೆ "ನಂಬಬೇಡಿ, ಹೊಸ ರಕ್ತ ತೆಗೆಯಿರಿ" ಎಂದು ಬಂತು. ಉಳಿದ ಕೂಗುಗಳೂ ಹಾಗೇ ಅಡಗಿದವು, ಒಂದನ್ನು ಬಿಟ್ಟು. ಅದೇ ಹಳ್ಳಿಯ, ಮೂತ್ರಪಿಂಡದ ಕಾಯಿಲೆಯ ಒಬ್ಬರದ್ದು. ಅದಕ್ಕೆ ಹೊಸ ನಿಯಮವೂ ಗಂಟಲು ಹರಿಯುವಂತೆ ಕೂಗಿತು.

ಹೆಲೆನಾ ಎದ್ದುಬಂದು ಆ ಸಾಲಿನ ಮೇಲೆ ಬೆರಳಿಟ್ಟರು. "ಇವರದು ನಿಜ. ಆ ದಿನ ತಕ್ಷಣ ಕರೆಸಿದೆವು. ಬದುಕಿದ್ದಾರೆ" ಎಂದರು. ಶ್ರೀಧರ್ ಹೇಳಿದಂತೆ ಮಿತಿ ಏರಿಸಿದ್ದರೆ ಇಂಥವರ ಪಾಲಿಗೆ ನಮ್ಮ ಪ್ರೋಗ್ರಾಮ್ ಮೂಕವಾಗುತ್ತಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಲ್ಲಿ ತಟ್ಟುವುದಿಲ್ಲ. ಉದ್ದದ ಮೌನದ ನಂತರ ಹೆಲೆನಾ, "ಇದು ಇಲ್ಲೇ ಇರುತ್ತದೆ" ಎಂದರು. "ಪ್ರೋಗ್ರಾಮ್ ಬರೆಯುವವರು ಪರದೆ ನೋಡುತ್ತಾರೆ. ನೀವು ಜಗಲಿ ನೋಡಿದಿರಿ."

ಜಂಬ ಎನ್ನುವವರು ಎನ್ನಲಿ. ಆ ಮಾತಿಗೆ ನಾನು ನಾಲ್ಕು ಅಂಗುಲ ಎತ್ತರವಾದೆ. ಐವರ ಆ ಬೆಂಚು, ಖಾನ್ ಸಾಹೇಬರ ಬೈಗುಳ, ಸಾವಿರಾರು ಕೈಗಳಿಗೆ ಸೂಜಿ ಚುಚ್ಚಿದ ನನ್ನ ಬೆರಳು, ಎಲ್ಲಕ್ಕೂ ಅವತ್ತು ಮರ್ಯಾದೆ ಸಿಕ್ಕಿತು. ಶ್ರೀಧರ್‌ಗೆ ಫೋನ್ ಮಾಡಿದರೆ ಆಚೆಯಿಂದ ಎಂಟು ಜನರ ಕೇಕೆ ಕೇಳಿಸಿತು. ಅದನ್ನು ಕೇಳಿ ನನಗೆ ಊರು ಬಹಳ ನೆನಪಾಯಿತು.

ಮತ್ತೆ ನಾರಾಯಣಗೂಡ

ಮಾರ್ಚ್ ಶುರುವಾಗಿತ್ತು. ಮನೆಗೆ ಬಂದಾಗ ಫ್ಯಾನು ಪೂರ್ತಿ ತಿರುಗುತ್ತಿದ್ದರೂ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಚೀಲವನ್ನು ಹಲಗೆಯ ಮೇಲಿಟ್ಟು, ಕೈಕಾಲು ತೊಳೆದು ಬಂದು, ಊಟಕ್ಕೆ ಕೂತು ಕಥೆ ಹೇಳಿದೆ. ಏಲಕ್ಕಿ ಬನ್ನಿಗೆ "ಹೌದೇನು!" ಎಂದಳು, ಪೆಕ್ಕಾ ರೊಟ್ಟಿ ತಿಂದದ್ದಕ್ಕೆ ಹಿಗ್ಗಿದಳು. ಜಗಲಿಯ ಡಬ್ಬಿಯ ಸುದ್ದಿ ಬಂದಾಗ ಬಡಿಸುವ ಕೈ ನಿಂತಿತು.

"ಆ ಐನೋಬಾಯಿಗೆ ಬೈದಿಲ್ಲಲ್ಲ ನೀ?"

"ಇಲ್ಲವ್ವಾ. ಬೈಯಾಕ ಹೋದರ ನಿನ್ನ ನೆನಪಾತು."

"ಈಗ ಎಲ್ಲಿ ಇಡಾಕತ್ತಾಳ ಆಕಿ?"

ಐನೋ ಕಳಿಸಿದ ಫೋಟೋ ತೋರಿಸಿದೆ. ಕಾಫಿ ಕೋಣೆಯ ಮೂಲೆಗೆ ಒಂದು ಹೊಸ ಸ್ಟೂಲು, ಅದರ ಮೇಲೆ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ನೀಲಿ ಡಬ್ಬಿ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಮುದುಕಿ ಆರಾಮ ಅದಾಳೇನು?" ಎಂದು ಕೇಳಿದಳು. ಆರಾಮಿದ್ದಾರೆ ಎಂದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟು ಬಾಗಿಲು ತೆಗೆದರೆ ಹಲಗೆ ಖಾಲಿ. ಜಾಲರಿಯ ಬೀಗ ಹಾಗೇ ಇದೆ, ಚೀಲವಿಲ್ಲ. "ಅವ್ವಾ, ನನ್ನ ಚೀಲ!" ಎಂದು ಕೂಗುತ್ತ ಒಳಗೆ ಓಡಿದೆ. ಅಡುಗೆಮನೆಯ ಬಾಗಿಲ ಪಕ್ಕ, ನಾವು ಊಟ ಮಾಡುವ ಮೇಜಿನ ಕುರ್ಚಿಯ ಮೇಲೆ ಅದು ಕೂತಿತ್ತು. ಕೆಳಗೆ ಅವ್ವನ ಮಡಿಚಿದ ಇಳಕಲ್ ಸೀರೆಯ ತುಂಡು.

ಅವ್ವ ಹಣೆಯ ಬೆವರು ಒರೆಸಿಕೊಳ್ಳುತ್ತ ರೊಟ್ಟಿ ತಟ್ಟುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಹೊರಗ ಭಾಳ ಥಂಡಿ ಐತಿ" ಎಂದಳು.